ಹಿಮ್ಮಡಿಯ ಕೆಳಗಿನ ಎಲೆ

ನಾಗೇಶ ಸೊಂಟದಿಂದ ಬಗ್ಗಿ ಚಟ್ಟದ ಬಿದಿರಿಗೆ ಹೆಗಲು ಕೊಟ್ಟ. ಏಳಲು ಹೋದವನ ಮುಖ ಹಿಂಡಿದಂತಾಯಿತು. ಚಟ್ಟ ಅವನ ಕಡೆಗೆ ವಾಲಿ, ತಾಯಿಯ ಎದೆಯ ಮೇಲಿದ್ದ ಸೇವಂತಿಗೆ ಹಾರ ಜಾರಿತು. ಪಕ್ಕದಲ್ಲಿ ನಿಂತಿದ್ದ ಭಾವ ಸುರೇಂದ್ರ ಎರಡೂ ಕೈಯಲ್ಲಿ ಬಿದಿರನ್ನು ತಡೆದ. ಎಲ್ಲರೂ ಸೇರಿ ಚಟ್ಟವನ್ನು ಮತ್ತೆ ಅಂಗಳದ ಗಿಡ್ಡ ಕಟ್ಟೆಯ ಮೇಲೆ ಇಳಿಸಿದರು.

"ಬಿಡು ಮಾರಾಯ," ಎಂದರು ಚಿಕ್ಕಪ್ಪ ಪುಟ್ಟಸ್ವಾಮಿ. "ಆ ಬೆನ್ನು ಇಟ್ಕೊಂಡು ನೀನೆಂತ ಎತ್ತದು? ಮಡಕೆ ಹಿಡ್ಕೊಂಡು ಮುಂದೆ ನಡಿ. ಮಗನ ಕೆಲ್ಸ ಅದೇ."

"ಗೇಟಿನ ತಂಕ ಆದ್ರೂ ಹೊರ್ತೀನಿ ಚಿಕ್ಕಪ್ಪ. ಮೂವತ್ತು ಹೆಜ್ಜೆ ಅಷ್ಟೇ. ಆಮೇಲೆ ಮಡಕೆ ಹಿಡಿತೀನಿ."

"ಅವತ್ತು ಮೂಟೆ ಎತ್ತಿದಾಗ ಮೂರು ಹೆಜ್ಜೆನೂ ಇಡ್ಲಿಲ್ಲ ನೀನು. ಆರು ತಿಂಗ್ಳು ಮಲ್ಗಿದ್ದೆ."

ಗಂಡಸರ ಗುಂಪಿನಲ್ಲಿ ಯಾರೋ ನಕ್ಕರು. ಸಾವಿನ ಮನೆಯೆಂದು ನೆನಪಾಗಿ ಕೆಮ್ಮಿದರು. ನಾಗೇಶ ಟವೆಲ್ಲಿನಿಂದ ಕತ್ತು ಒರೆಸಿಕೊಂಡು ಅಲ್ಲೇ ನಿಂತ. ಪಕ್ಕಕ್ಕೂ ಸರಿಯಲಿಲ್ಲ, ಮತ್ತೆ ಬಗ್ಗಲೂ ಇಲ್ಲ.

ಜಗಲಿಯಲ್ಲಿ ಹೆಂಗಸರ ನಡುವೆ ಕುಳಿತಿದ್ದ ಸೌಂದರ್ಯ ಅವನ ಕಾಲುಗಳನ್ನೇ ನೋಡುತ್ತಿದ್ದಳು. ಏಳುವಾಗ ಅವನ ಎರಡು ಹಿಮ್ಮಡಿಗಳೂ ನೆಲ ಬಿಟ್ಟಿದ್ದವು. ಬೇರೆ ಯಾರಾದರೂ ಹೀಗೆ ಎತ್ತಿದ್ದರೆ ಪಾಪಮ್ಮಜ್ಜಿ ಇಷ್ಟು ಹೊತ್ತಿಗೆ ತಪ್ಪು ಹೇಳಿಬಿಡುತ್ತಿದ್ದರು. ಆದರೆ ಕಟ್ಟೆಯ ಮೇಲೆ ಮಲಗಿದ್ದವರು ಅವರೇ. ನಿನ್ನೆ ಸಂಜೆ ಅಕ್ಕಿ ಆರಿಸುತ್ತ ಕುಳಿತವರು ಹಾಗೆಯೇ ಗೋಡೆಗೆ ಒರಗಿದ್ದರು. ಮೊರದ ಅಕ್ಕಿ ಒಂದು ಕಾಳೂ ಚೆಲ್ಲಿರಲಿಲ್ಲವಂತೆ.

*

ಆಲ್ದೂರು ಪೇಟೆಯ ಹಾರ್ಡ್‌ವೇರ್ ಅಂಗಡಿಯ ಹಿಂದೆ, ಹಳೆಯ ಗೋದಾಮಿನಲ್ಲಿ ಧರ್ಮೇಶನ ಜಿಮ್ ಇದೆ. ಪಾಪಮ್ಮ ಅಲ್ಲಿ ದಿನಾ ಬೆಳಿಗ್ಗೆ ನೆಲ ಗುಡಿಸಿ ಒರೆಸುತ್ತಿದ್ದರು. ಸೌಂದರ್ಯ ಮೆಡಿಕಲ್ ಶಾಪಿನ ಕೆಲಸಕ್ಕೆ ಹೋಗುವ ಮುಂಚೆ ಅಲ್ಲಿಗೆ ಬರುತ್ತಿದ್ದಳು. ಹೆಗಲ ಮೇಲೆ ಕಬ್ಬಿಣದ ಸರಳು ಹೊತ್ತು ಕೂತೇಳುವ ಸ್ಕ್ವಾಟ್‌ನಲ್ಲಿ ಅವಳು ಎಂಬತ್ತು ಕೆಜಿಗೆ ಬಂದು ಮೂರು ತಿಂಗಳಿಂದ ಅಲ್ಲೇ ನಿಂತಿದ್ದಳು. ಏಳುವಾಗ ಎದೆ ಮುಂದಕ್ಕೆ ಬೀಳುತ್ತಿತ್ತು, ಮಂಡಿಗಳು ಒಳಕ್ಕೆ ಬಾಗುತ್ತಿದ್ದವು. ಧರ್ಮೇಶ್ ಮೊಬೈಲಿನಲ್ಲಿ ವಿಡಿಯೊ ತೆಗೆದು ನಿಧಾನವಾಗಿ ಓಡಿಸಿ ತೋರಿಸುತ್ತಿದ್ದ. "ಎದೆ ಮೇಲೆ, ಮಂಡಿ ಹೊರಗೆ" ಎಂದು ಕೂಗುತ್ತಿದ್ದ. ಅವನು ಕೂಗಿದಷ್ಟೂ ಅವಳ ಮೈ ಬಿಗಿಯುತ್ತಿತ್ತು.

"ಎದೆದಲ್ಲ ಮಗಾ ತಪ್ಪು, ಹಿಮ್ಮಡಿದು," ಎಂದರು ಒಂದು ದಿನ ಪಾಪಮ್ಮ, ಬಕೆಟ್ಟಿಗೆ ಬಟ್ಟೆ ಹಿಂಡುತ್ತ.

ಧರ್ಮೇಶ್ ನಕ್ಕ. "ಹಾಗಾದ್ರೆ ನೀವೇ ಹೇಳ್ಕೊಡಿ ಅಜ್ಜಿ. ನಾನು ನೆಲ ಒರೆಸ್ತೀನಿ."

ಪಾಪಮ್ಮ ಬಟ್ಟೆಯನ್ನು ಬಕೆಟ್ಟಿನ ಅಂಚಿಗೆ ಹಾಕಿ ಹಿಂದಿನ ಬಾಗಿಲಿನಿಂದ ಹೊರಗೆ ಹೋದರು. ಬರುವಾಗ ಕೈಯಲ್ಲಿ ಎರಡು ಕಾಫಿ ಎಲೆಗಳಿದ್ದವು. "ಆ ದಪ್ಪ ಮೆತ್ತೆ ಬೂಟು ಬಿಚ್ಚು," ಎಂದರು. ಸೌಂದರ್ಯ ಬರಿಗಾಲಲ್ಲಿ ನಿಂತಾಗ ಒಂದೊಂದು ಹಿಮ್ಮಡಿಯ ಕೆಳಗೆ ಒಂದೊಂದು ಎಲೆ ಇಟ್ಟು, ತೊಟ್ಟುಗಳನ್ನು ಎರಡು ಬೆರಳಲ್ಲಿ ಹಿಡಿದು ಅವಳ ಹಿಂದೆ ಕುಳಿತರು. ಅವಳು ಕೆಳಗಿಳಿದು ಏಳತೊಡಗಿದಳು. ಅರ್ಧಕ್ಕೆ ಬಂದಾಗ ಎರಡೂ ಎಲೆಗಳು ಪಾಪಮ್ಮನ ಕೈಗೆ ಬಂದುಬಿಟ್ಟವು.

"ನೋಡು. ನೀನು ಬೆರಳಿನ ಮೇಲೆ ನಿಂತಿದ್ದೆ. ಭಾರ ಮುಂದೆ ಎಳೀತು, ಎದೆ ಬಿತ್ತು, ಮಂಡಿ ದಾರಿ ತಪ್ತು. ಆ ಬಿಲ್ಲೆ ಎಲ್ಲ ತೆಗಿ. ಬರೀ ಸರಳು ಸಾಕು."

"ಎಂಬತ್ತು ಎತ್ತೋಳು ಖಾಲಿ ಸರಳು ಎತ್ತದಾ ಅಜ್ಜಿ?"

"ಎಲೆ ನಿಲ್ಲೋ ತಂಕ."

ಮೂಲೆಯಲ್ಲಿದ್ದ ಹುಡುಗರು ಕಿಸಕ್ಕೆಂದರು. ಪಾಪಮ್ಮ ಸೀರೆಯ ನೆರಿಗೆ ಎತ್ತಿ ಸೊಂಟಕ್ಕೆ ಸಿಕ್ಕಿಸಿ, ತಾವೇ ಖಾಲಿ ಸರಳಿನ ಕೆಳಗೆ ಹೋದರು. ಅದೇ ಇಪ್ಪತ್ತು ಕೆಜಿ. ಅವರಿಗೆ ಆಗ ಅರವತ್ತೇಳು ವರ್ಷ. ಒಮ್ಮೆ ಉಸಿರೆಳೆದು ಹೊಟ್ಟೆ ಬಿಗಿಹಿಡಿದು, ಮಂಡಿಗಳನ್ನು ಬೆರಳಿನ ದಿಕ್ಕಿಗೇ ಬಿಡುತ್ತ, ಬಾವಿಗೆ ಕೊಡ ಇಳಿಸಿದಂತೆ ನೇರ ಕೆಳಗಿಳಿದರು. ಅಲ್ಲಿಂದ ಏಳಲಿಲ್ಲ, ಕುಳಿತೇ ಇದ್ದರು. ಎಡಕ್ಕೆ ನೋಡಿ, ಬಲಕ್ಕೆ ನೋಡಿ, "ಧರ್ಮಣ್ಣ, ಈ ಬೆಂಚಿನಡಿ ಆ ಕುಡಿಯೋ ಪೌಡ್ರು ಚೆಲ್ಲಿದ್ದು ಯಾರು? ಇರುವೆ ಹತ್ತಿದಾವೆ," ಎಂದರು. ಆಮೇಲೆ ಎದ್ದು ನಿಂತರು. ಎದೆ, ಸೊಂಟ ಎಲ್ಲ ಒಟ್ಟಿಗೇ ಮೇಲೆ ಬಂದವು.

ಗೋದಾಮಿನಲ್ಲಿ ಓಡುತ್ತಿದ್ದ ಹಾಡನ್ನು ಯಾರೋ ನಿಲ್ಲಿಸಿದರು. ಧರ್ಮೇಶ್ ಕೈಯಲ್ಲಿದ್ದ ಮೊಬೈಲನ್ನು ಜೇಬಿಗೆ ಹಾಕಿಕೊಂಡು ಅವರ ಕಾಲುಗಳನ್ನೇ ನೋಡುತ್ತಿದ್ದ. ಆ ಪಾದಗಳು ಅಗಲವಾಗಿ, ಬೆರಳುಗಳು ಬಿಡಿಬಿಡಿಯಾಗಿ, ನೆಲಕ್ಕೆ ಬೇರು ಬಿಟ್ಟಂತಿದ್ದವು.

"ಎಲ್ಲಿ ಕಲಿತ್ರಿ ಅಜ್ಜಿ?" ಎಂದು ಕೇಳಿದಳು ಸೌಂದರ್ಯ.

"ಕಲಿಯದೆಂತ. ಬಾಳೂರಿನ ಕಾಫಿ ಎಸ್ಟೇಟಲ್ಲಿ ಮೂವತ್ತೊಂದು ವರ್ಷ ಹಣ್ಣಿನ ಮೂಟೆ ಹೊತ್ತಿದೀನಿ. ಆ ಇಳಿಜಾರಲ್ಲಿ ಹಿಮ್ಮಡಿ ಎತ್ತಿದ್ರೆ ನೇರ ಹಳ್ಳಕ್ಕೇ."

*

"ಒಂದು ಸಲಾನೂ ಮೂಟೆ ಬೀಳ್ಸಿಲ್ಲ ಅವ್ಳು," ಎಂದರು ಜಗಲಿಯಲ್ಲಿ ಪಕ್ಕದಲ್ಲಿದ್ದ ರಾಮಮ್ಮ. ಬಾಳೂರಿನಲ್ಲಿ ಪಾಪಮ್ಮನ ಜೊತೆ ಅದೇ ಸಾಲಿನಲ್ಲಿ ಹಣ್ಣು ಕೊಯ್ದವರು ಅವರು. "ಮೇಸ್ತ್ರಿನೇ ನಿಂತು ನೋಡ್ತಿದ್ದ. ನಾವೆಲ್ಲ ಜಾರಿ ಬಿದ್ದು ನಗ್ತಿದ್ವಿ. ಅವ್ಳು ಏಣಿ ಹತ್ತಿದ ಹಾಗೆ ಹತ್ತಿ ಹೋಗದು."

ಅಂಗಳದಲ್ಲಿ ಪುಟ್ಟಸ್ವಾಮಿ ನಾಗೇಶನ ಜಾಗಕ್ಕೆ ಬೇರೆಯವರನ್ನು ಕರೆಯುತ್ತಿದ್ದರು. ನಾಗೇಶ ಮಡಕೆಯ ಕಡೆ ನಡೆದ.

*

ಎಲೆ ನಿಲ್ಲಲು ಏಳು ವಾರ ಬೇಕಾಯಿತು. ಖಾಲಿ ಸರಳಿನಿಂದ ಮೂವತ್ತು, ನಲವತ್ತು, ಅರವತ್ತು. ಪಾಪಮ್ಮ ಒಂದು ದಿನವೂ ಗದರಲಿಲ್ಲ. ಎಲೆ ಕೈಗೆ ಬಂದರೆ ತೋರಿಸುತ್ತಿದ್ದರು, ಬಾರದಿದ್ದರೆ ಸುಮ್ಮನೆ ಎದ್ದು ಹೋಗಿ ನೆಲ ಒರೆಸುತ್ತಿದ್ದರು. ತೊಂಬತ್ತು ಕೆಜಿ ಎತ್ತಿದ ದಿನ ಸೌಂದರ್ಯ ಅವರಿಗೆ ಬೇಕರಿಯಿಂದ ಬನ್ನು ತಂದಳು. ಇಬ್ಬರೂ ಹಿಂದಿನ ಮೆಟ್ಟಿಲ ಮೇಲೆ ಕುಳಿತರು.

"ನಾಗೇಶಣ್ಣಂಗೂ ಹೀಗೇ ಹೇಳ್ಕೊಟ್ಟಿದ್ರಾ ಅಜ್ಜಿ?"

ಪಾಪಮ್ಮ ಬನ್ನನ್ನು ಮುರಿದರು, ತಿನ್ನಲಿಲ್ಲ.

"ಅವ್ನು ಮೊದ್ಲನೇ ಮೂಟೆ ಎತ್ತಿದ ದಿನ ನಾನು ಅಲ್ಲೇ ಇದ್ದೆ. ಹಿಮ್ಮಡಿ ಎದ್ದಿದ್ದು ಕಂಡೆ. ಸುತ್ತ ಗಂಡಸ್ರು ನಿಂತಿದ್ರು. ಅವ್ವ ಹೇಳ್ಕೊಟ್ಲು ಅಂದ್ರೆ ಹುಡುಗನ ಮುಖ ಸಣ್ಣದಾಗುತ್ತಲ್ಲ ಅಂತ ಸುಮ್ನಾದೆ. ಅವ್ನ ಬೆನ್ನು ಲಟಕ್ ಅಂದ ಆ ಶಬ್ದ ಇನ್ನೂ ಕೇಳ್ತದೆ ನಂಗೆ. ಅದಕ್ಕೇ ಈಗ ಯಾರು ತಪ್ಪು ಎತ್ತಿದ್ರೂ ಬಾಯಿ ಸುಮ್ನಿರಲ್ಲ."

"ಈಗ್ಲಾದ್ರೂ ಅಣ್ಣಂಗೆ ಹೇಳಿ."

"ಈಗ ಹೇಳಿದ್ರೆ ಅವತ್ತು ಯಾಕೆ ಹೇಳ್ಲಿಲ್ಲ ಅಂತಾನೆ ಮಗಾ."

*

ಸೌಂದರ್ಯ ಎದ್ದಳು. ಅಂಗಳದ ಅಂಚಿನ ಕಾಫಿ ಗಿಡದಿಂದ ಎರಡು ಎಲೆ ಕಿತ್ತುಕೊಂಡು ಗಂಡಸರ ನಡುವೆ ಹೋಗಿ ನಿಂತಳು.

"ನಾಗೇಶಣ್ಣ, ನೀವೇ ಎತ್ತಿ. ನಾನು ಹೇಳಿದ ಹಾಗೆ."

"ಇದೆಂತ ಕಥೆ?" ಎಂದರು ಪುಟ್ಟಸ್ವಾಮಿ. "ನೀನ್ಯಾರಮ್ಮ ಹೇಳೋಕೆ?"

"ಅಜ್ಜಿ ನಂಗೆ ಹೇಳ್ಕೊಟ್ಟಿದ್ದು ಇದು." ಅವಳು ನಾಗೇಶನ ಕಡೆ ತಿರುಗಿದಳು. "ಅಜ್ಜಿ ನಲವತ್ತು ಕೆಜಿನೂ ಇಲ್ಲ ಅಣ್ಣ. ನಾಕು ಜನಕ್ಕೆ ಹಂಚಿದ್ರೆ ಎಷ್ಟು? ಭಾರ ಅಲ್ಲ ನಿಮ್ಮ ತೊಂದ್ರೆ. ನೀವು ಬಗ್ಗೋದು. ಅವತ್ತು ನಿಮ್ಮ ಹಿಮ್ಮಡಿ ಎದ್ದಿದ್ದು ಅವ್ರು ನೋಡಿದ್ರು. ಅಷ್ಟು ಜನರ ಮುಂದೆ ನಿಮ್ಗೆ ಅವಮಾನ ಆಗ್ತದೆ ಅಂತ ಹೇಳ್ಲಿಲ್ಲ. ಅದನ್ನೇ ಕೊರಗ್ತಿದ್ರು."

ನಾಗೇಶ ಕಟ್ಟೆಯ ಮೇಲಿನ ಮುಖವನ್ನು ಬಹಳ ಹೊತ್ತು ನೋಡಿದ.

"ನೋಡಿದ್ಲಾ?" ಎಂದ.

"ನೋಡಿದ್ರು."

ಅವನು ಬರಿಗಾಲಲ್ಲಿ ಬಂದು ಬಿದಿರಿನ ಪಕ್ಕ ನಿಂತ. "ಹೇಳು," ಎಂದ.

ತಾಯಿಗೆ ಸ್ನಾನ ಮಾಡಿಸಿದ ನೀರು ಹರಿದು ಅಲ್ಲಿನ ಮಣ್ಣು ಮೆತ್ತಗಾಗಿತ್ತು. ಸೌಂದರ್ಯ ಕುಕ್ಕರುಗಾಲಲ್ಲಿ ಕುಳಿತು ಅವನ ಹಿಮ್ಮಡಿಗಳ ಕೆಳಗೆ ಎಲೆಗಳನ್ನಿಟ್ಟು, ತೊಟ್ಟು ಹಿಡಿದಳು. "ಕಾಲು ಅಗಲ ಮಾಡಿ. ಬಗ್ಗಬೇಡಿ, ಕೂರಿ. ಬೆನ್ನು ನೇರ. ಮಂಡಿ ಬೆರಳಿನ ಕಡೆಗೇ ಹೋಗ್ಲಿ. ಹೆಗಲು ಬಿದಿರಿನ ಕೆಳಗೆ ಬಂತಾ? ಉಸಿರು ತಗೊಂಡು ಹೊಟ್ಟೆ ಬಿಗಿ ಹಿಡೀರಿ. ಈಗ ಹಿಮ್ಮಡಿಯಿಂದ ನೆಲ ಒತ್ತಿ."

ಪುಟ್ಟಸ್ವಾಮಿ ಒಂದು ಕೈಯನ್ನು ಬಿದಿರಿನ ಹತ್ತಿರವೇ ಇಟ್ಟುಕೊಂಡು ನಿಂತಿದ್ದರು. ಅದು ಬೇಕಾಗಲಿಲ್ಲ. ಚಟ್ಟ ನಾಲ್ಕೂ ಕಡೆಯಿಂದ ಒಟ್ಟಿಗೆ ಎದ್ದಿತು. ಹಾರ ಅಲುಗಲಿಲ್ಲ. ನಾಗೇಶ ಎದ್ದು ನಿಂತು, ತಾನು ನಿಂತಿರುವುದೇ ನಂಬಿಕೆಯಾಗದವನಂತೆ ಒಂದು ಕ್ಷಣ ಹಾಗೇ ಇದ್ದ. ಅವನ ಕಣ್ಣಿಂದ ನೀರು ಇಳಿಯುತ್ತಿತ್ತು, ಬೆನ್ನು ಮಾತ್ರ ನೇರವಾಗಿತ್ತು.

"ನಡೀರಿ," ಎಂದರು ಪುಟ್ಟಸ್ವಾಮಿ, ಮೆಲ್ಲಗೆ.

ಗೇಟಿನ ತನಕ ಮೂವತ್ತು ಹೆಜ್ಜೆ. ಅಲ್ಲಿ ಹೆಗಲು ಬದಲಿಸಲು ಸುರೇಂದ್ರ ಮುಂದೆ ಬಂದ. ನಾಗೇಶ ತಲೆಯಾಡಿಸಿ ಬೇಡವೆಂದ, ಏರಿನ ತಿರುವಿನವರೆಗೂ ಹೊತ್ತ. ಅಲ್ಲಿ ಸುರೇಂದ್ರನಿಗೆ ಹೆಗಲು ಬಿಟ್ಟುಕೊಟ್ಟು, ಮಡಕೆ ಹಿಡಿದು ಮುಂದೆ ನಡೆದ. ಗಿಡಗಳ ಮರೆಗೆ ಎಲ್ಲರೂ ಕಾಣದಾದರು.

ಹೆಂಗಸರು ಅಂಗಳದಲ್ಲೇ ಉಳಿದರು. ರೂಢಿಯಂತೆ ಮನೆ ತೊಳೆಯಬೇಕಿತ್ತು. ರಾಮಮ್ಮ ಪೊರಕೆ ಹಿಡಿದು ಹೂವಿನ ಎಸಳು, ದಾರದ ಚೂರುಗಳನ್ನು ಗುಡಿಸುತ್ತ ಕಟ್ಟೆಯ ಬಳಿಗೆ ಬಂದು ನಿಂತರು. ಹಸಿ ಮಣ್ಣಿನಲ್ಲಿ ಎರಡು ದೊಡ್ಡ ಪಾದಗಳ ಗುರುತಿತ್ತು. ಹಿಮ್ಮಡಿಯ ಜಾಗದಲ್ಲಿ ಎರಡು ಎಲೆಗಳು ಒಂದೊಂದು ನರವೂ ಕಾಣುವಂತೆ ಮಣ್ಣೊಳಗೆ ಕೂತಿದ್ದವು. ಸೌಂದರ್ಯಳ ಬೆರಳುಗಳಲ್ಲಿ ಎರಡು ತೊಟ್ಟುಗಳು ಮಾತ್ರ ಕಿತ್ತುಬಂದಿದ್ದವು.

ರಾಮಮ್ಮ ಸೆರಗು ಬಿಗಿದು, ಆ ಎಲೆಗಳ ಸುತ್ತ ಮಾತ್ರ ಬಿಟ್ಟು, ಉಳಿದ ಅಂಗಳವನ್ನೆಲ್ಲ ಗುಡಿಸಿದರು.