ತಡವಾಗಿ ಬಡಿಸಿದ ಹೋಳಿಗೆ

ಹೊನ್ನವ್ವನ ಅಡುಗೆಮನೆಗೆ ಕಾಲಿಟ್ಟವರ ಕಿವಿ ಹೊನ್ನವ್ವನ ಮಾತಿಗೇ ಮೀಸಲು. ಹಾಗಿರುವಾಗ ಸೊಸೆ ಶ್ವೇತಾ ಕಿವಿಗೆ ಏನೋ ಸಿಕ್ಕಿಸಿಕೊಂಡು ಹೋಳಿಗೆ ಲಟ್ಟಿಸುತ್ತಿದ್ದರೆ ಅತ್ತೆ ಸುಮ್ಮನಿರುತ್ತಾಳೆಯೇ?

"ಏನ್ ಕೇಳಾಕತ್ತೀಯವಾ? ನನಗೂ ಕೇಳಸು."

"ಫೋನ್ ಓದಿ ಹೇಳೂ ಪುಸ್ತಕರೀ ಅತ್ತಿ. ಸುಮಾರು ಎಂಬತ್ತ ವರ್ಷದ ಹಿಂದ ಅಮೆರಿಕಾದಾಗ ಮೊದಮೊದಲಿನ ಕಂಪ್ಯೂಟರಿಗೆ ಪ್ರೋಗ್ರಾಮ್ ಬರೆದ ಆರು ಹೆಣ್ಮಕ್ಕಳ ಕತಿ." ಶ್ವೇತಾ ಕಿವಿಯದನ್ನು ಕಿತ್ತು, ಫೋನನ್ನು ಉಪ್ಪಿನ ಡಬ್ಬಿಗೆ ಒರಗಿಸಿ ದನಿ ಜೋರು ಮಾಡಿದಳು.

ಗಜೇಂದ್ರಗಡದ ಅವರ ಸೀರೆ ಅಂಗಡಿಯ ಲೆಕ್ಕದಲ್ಲಿ ಅಂದು ದೊಡ್ಡ ದಿನ. ರೋಣ, ನರಗುಂದದ ವ್ಯಾಪಾರಿಗಳು ಊಟಕ್ಕೆ ಬರುವವರಿದ್ದರು. ಯಾವ ಮಗ್ಗದಲ್ಲಿ ಯಾವ ಸೀರೆ ಇದೆಯೆಂದು ಕೂತಲ್ಲೇ ಫೋನಿನಲ್ಲಿ ತೋರಿಸುವ ಪ್ರೋಗ್ರಾಮನ್ನು ಶ್ವೇತಾ ನಿದ್ದೆಗೆಟ್ಟು ಬರೆದಿದ್ದಳು. ಅದನ್ನು ಅವರಿಗೆ ತೋರಿಸುವವನು ಮಾತ್ರ ಗಂಡ ಅಮರೇಶ. ನೀನೂ ಬಾ ಎಂದು ಅವಳನ್ನು ಯಾರೂ ಕರೆದಿರಲಿಲ್ಲ. ಬೇಕೆಂದೇ ಬಿಟ್ಟಿದ್ದರೆ ಜಗಳವಾದರೂ ಆಡಬಹುದಿತ್ತು. ಮನೆಯವರಿಗೆ ನೆನಪೇ ಆಗಿರಲಿಲ್ಲ, ಅದೇ ಅವಳಿಗೆ ಚುಚ್ಚುತ್ತಿತ್ತು.

ಫೋನು ಹೇಳುತ್ತಿತ್ತು: ಆ ಆರು ಹೆಂಗಸರು ಹಗಲಿರುಳು ದುಡಿದರು. ಯಂತ್ರ ಎಲ್ಲರೆದುರು ಚಕಚಕನೆ ಲೆಕ್ಕ ಮಾಡಿ ತೋರಿಸಿತು. ಆಮೇಲೆ ದೊಡ್ಡವರಿಗೆಲ್ಲ ಔತಣ ನಡೆಯಿತು. ಈ ಆರು ಜನರನ್ನು ಯಾರೂ ಕರೆಯಲಿಲ್ಲ.

ಹಂಚಿನ ಮೇಲಿನ ಹೋಳಿಗೆ ಹೊತ್ತತೊಡಗಿದರೂ ಹೊನ್ನವ್ವ ಮಗುಚಲಿಲ್ಲ.

"ಊಟಕ್ಕ ಕರೀಲಿಲ್ಲಾ? ದುಡಿಸ್ಕೊಂಡು, ಊಟಕ್ಕ ಕರೀಲಿಲ್ಲಾ? ಉಂಡದ್ದು ಅವರ ಮೈಗೆ ಹ್ಯಾಂಗ ಹತ್ತೀತು?"

ಶ್ವೇತಾ ತಲೆ ತಗ್ಗಿಸಿ ಮುಂದಿನ ಉಂಡೆ ಎತ್ತಿಕೊಂಡಳು. ಅತ್ತೆ ಅವಳನ್ನೇ ನೋಡುತ್ತ ಕೂತಳು.

ಮಧ್ಯಾಹ್ನ ಪಡಸಾಲೆಯಲ್ಲಿ ಪಂಕ್ತಿ ಕೂತಿತು. ಎಲ್ಲ ಬಂತು, ಹೋಳಿಗೆ ಬರಲಿಲ್ಲ. ಮಾವ ಪ್ರಭುಲಿಂಗಪ್ಪ ಒಳಗೆ ಇಣುಕಿದರು.

"ಲಗೂ ತಾ, ಹೋಳಗಿ ಎಲ್ಲಿ?"

"ಪ್ರೋಗ್ರಾಮ್ ಬರೆದಾಕಿ ಇಲ್ಲೇ ನಿಂತಾಳರಿ. ಆಕಿ ಪಂಕ್ತ್ಯಾಗ ಕೂಡೂತನಕಾ ಹೋಳಗಿ ಹೊರಗ ಬರೂದಿಲ್ಲ."

ಹೋಳಿಗೆಯ ವಾಸನೆ ಮೂಗಿಗೆ ಬಡಿದ ಮೇಲೆ ಯಾರು ವಾದಕ್ಕೆ ನಿಂತಾರು? ಅಮರೇಶ ನಾಲಿಗೆ ಕಚ್ಚಿಕೊಂಡು ಎದ್ದ. ತನ್ನ ಮಣೆಯನ್ನೇ ಹೆಂಡತಿಗೆ ಬಿಟ್ಟು ತಾನು ತುಪ್ಪ ಬಡಿಸಲು ನಿಂತ. ಶ್ವೇತಾ ಉಣ್ಣುತ್ತಲೇ ಫೋನು ತೋರಿಸಿ ವಿವರಿಸಿದಳು. ನರಗುಂದದ ವ್ಯಾಪಾರಿಯಂತೂ ಎಂಜಲುಗೈ ಹಾಗೇ ಇಟ್ಟುಕೊಂಡು, ಎಡಗೈಯಲ್ಲೇ ಫೋನು ತಡವಿ ಸೀರೆ ಆರಿಸಿದ. ಅವಳಿಗೆ ಹೋಳಿಗೆ ಸಿಹಿಯೋ ಈ ಗಳಿಗೆ ಸಿಹಿಯೋ ತಿಳಿಯದಷ್ಟು ಖುಷಿಯಾಯಿತು.

ಕೈ ತೊಳೆದು ಒಳಗೆ ಬಂದಾಗ ಹೊನ್ನವ್ವ ಬಾಳೆಎಲೆಯ ಮೇಲೆ ಆರು ಹೋಳಿಗೆ ಇಟ್ಟು ತುಪ್ಪ ಹಾಕುತ್ತಿದ್ದಳು.

"ಫೋನ್ ಇಲ್ಲಿ ಇಡವಾ."

ಶ್ವೇತಾ ಎಲೆಯ ಮುಂದೆ ಫೋನಿಟ್ಟಳು. ಹೊನ್ನವ್ವ ತಲೆ ಮೇಲೆ ಸೆರಗು ಹೊದ್ದು ಅದಕ್ಕೆ ಕೈಮುಗಿದಳು.

"ಭಾಳ ತಡಾ ಆತ್ರೆವಾ," ಅಂದಳು. "ಉಣ್ರಿ."