ಟೇಪಿನೊಳಗಿನ ಹೂಂ

ನೀಲಗಂಗಾ ರೆಕಾರ್ಡ್ ಮಾಡಿ ತಂದ ಮೊದಲ ಟೇಪನ್ನು ಲೀನಾ ಅರ್ಧ ಕೇಳಿ ನಿಲ್ಲಿಸಿಬಿಟ್ಟಳು.

ಡೆಟ್ರಾಯಿಟ್‌ನ ಒಂದು ವಿಶ್ವವಿದ್ಯಾಲಯದಲ್ಲಿ ಕಪ್ಪು ಜನರ ನೆನಪುಗಳನ್ನು ಅವರ ಬಾಯಿಂದಲೇ ಕೇಳಿ ಕೂಡಿಡುವ ಕೆಲಸ ನಡೆದಿತ್ತು. ಅದನ್ನು ನಡೆಸುತ್ತಿದ್ದ ಲೀನಾ ಆ ಜನರಲ್ಲೇ ಹುಟ್ಟಿ ಬೆಳೆದವಳು. ಧಾರವಾಡದಲ್ಲಿ ಇತಿಹಾಸ ಓದಿದ್ದ ನೀಲಗಂಗಾ, ತನ್ನನ್ನು ಅಮೆರಿಕಕ್ಕೆ ಕರೆತಂದ ಗಂಡ ರೇವಣಪ್ಪ ತೀರಿಕೊಂಡ ಮೇಲೆ ಆ ಕೆಲಸಕ್ಕೆ ಸೇರಿದ್ದಳು.

ಟೇಪಿನಲ್ಲಿ ಅರ್ನೆಸ್ಟೀನ್ ಎಂಬ ಮುದುಕಿ ಹೇಸ್ಟಿಂಗ್ಸ್ ಬೀದಿಯ ಕಥೆ ಹೇಳಿದ್ದಳು. ಅಲ್ಲಿದ್ದ ತನ್ನ ಟೋಪಿ ಅಂಗಡಿ, ಭಾನುವಾರದ ಚರ್ಚಿಗೆಂದು ಶನಿವಾರವೇ ಮುತ್ತಿಕೊಳ್ಳುವ ಹೆಂಗಸರು, ಕೊನೆಗೆ ಫ್ರೀವೇ ಎಂಬ ಹೆದ್ದಾರಿಗಾಗಿ ಬೀದಿಗೆ ಬೀದಿಯನ್ನೇ ಕೆಡವಿದ್ದು. ಪ್ರತಿ ಮಾತಿನ ಬೆನ್ನಿಗೂ ನೀಲಗಂಗಾಳ ಹೂಂ.

"ಇದು ಅವರ ಕಥೆನೋ ನಿನ್ನ ಹೂಂಕಾರನೋ?" ಎಂದಳು ಲೀನಾ. "ಇನ್ನೊಂದ್ಸಲ ಹೋಗಿ ಬಾ. ಈ ಸಲ ಬಾಯಿ ಮುಚ್ಕೊಂಡಿರು. ಅದು ಬಂದ್ಮೇಲೆ ಇದನ್ನ ಅಳಿಸೋಣ."

ನೀಲಗಂಗಾಳ ಮುಖ ಸಣ್ಣದಾಯಿತು. ಚಿಕ್ಕಂದಿನಲ್ಲಿ ಹೂಂ ಅನ್ನದಿದ್ದರೆ ಅಜ್ಜಿ ಕಥೆ ನಿಲ್ಲಿಸಿಬಿಡುತ್ತಿದ್ದಳು. ಸ್ಟರ್ಲಿಂಗ್ ಹೈಟ್ಸ್‌ನ ಕಾರ್ಖಾನೆಯಿಂದ ಬಂದು ಊಟಕ್ಕೆ ಕೂತ ರೇವಣಪ್ಪನದೂ ಅದೇ ಮಾತು: "ಹೂಂ ಅನ್ನು ಗಂಗಾ, ಇಲ್ಲಾಂದ್ರ ಗ್ವಾಡಿ ಮುಂದ ಮಾತಾಡಿದಂಗ ಆಗ್ತದ." ಅವನು ಹೋದ ಮೇಲೆ ಅವಳು ಹೂಂ ಎಂದದ್ದು ಈ ಮುದುಕಿಗೇ ಮೊದಲು.

ಎರಡನೆಯ ಸಲ ಅವಳು ತುಟಿ ಬಿಗಿದು ಕೂತಳು. ಅರ್ನೆಸ್ಟೀನ್ ಅಂಗಡಿಯ ಹೆಸರು ಹೇಳಿದಳು, ಕೆಡವಿದ ವರ್ಷ ಹೇಳಿದಳು, ಸುಮ್ಮನಾದಳು. ಮತ್ತೆ ಕೇಳಿದರೆ ಹೌದು, ಇಲ್ಲ, ಅಷ್ಟೆ.

"ಏನಾಯ್ತು ಮಗಳೇ?" ಎಂದಳು ಆಮೇಲೆ. "ಹೋದ ಸಲ ಆ ಬೀದೀಲಿ ನನ್ನ ಜೊತೆ ನಡೀತಿದ್ದೆ. ಇವತ್ತು ನನ್ನೊಬ್ಬಳನ್ನೇ ಕಳಿಸಿದೀಯಲ್ಲ."

ನೀಲಗಂಗಾ ವಿಶ್ವವಿದ್ಯಾಲಯಕ್ಕೆ ವಾಪಸು ಬಂದಳು. ಎರಡೂ ಟೇಪುಗಳನ್ನು ಒಂದಾದ ಮೇಲೊಂದು ಲೀನಾಳಿಗೆ ಕೇಳಿಸಿದಳು. ಹೊಸದು ಬೇಗ ಮುಗಿಯಿತು. ಹಳೆಯದರಲ್ಲಿ ಶನಿವಾರದ ಸಂಜೆ ಬಂತು, ಒಂದೇ ನೀಲಿ ಟೋಪಿಗೆ ಇಬ್ಬರು ಅಕ್ಕತಂಗಿಯರು ಜಗಳವಾಡಿದರು, ಮುದುಕಿ ನಕ್ಕಳು. ಕೇಳುತ್ತ ಕೇಳುತ್ತ ಲೀನಾಳ ಬಾಯಿಂದಲೇ, ಅವರ ಚರ್ಚಿನಲ್ಲಿ ಜನ ಪಾದ್ರಿಯ ಮಾತಿಗೆ ಓಗೊಡುವ ಹಾಗೆ, ಒಂದು ಹೂಂ ಹೊರಟಿತು.

ಇಬ್ಬರೂ ಮುಖ ನೋಡಿಕೊಂಡರು. ಲೀನಾ ಹಳೆಯ ಟೇಪಿನ ಡಬ್ಬಿಗೆ ಚೀಟಿ ಅಂಟಿಸಿ ಕಪಾಟಿನಲ್ಲಿಟ್ಟಳು.

ನೀಲಗಂಗಾ ಮನೆಗೆ ಹೋಗುವ ದಾರಿ ಅದೇ ಫ್ರೀವೇ. ರೇವಣಪ್ಪ ಇದ್ದಾಗ ಅವನೇ ಡ್ರೈವ್ ಮಾಡುತ್ತಿದ್ದ; ಈಗ ಅವಳೇ.

"ಇಲ್ಲೇ ಎಲ್ಲೋ ಟೋಪಿ ಅಂಗಡಿ ಇತ್ತಂತ್ರಿ," ಎಂದಳು ನೀಲಗಂಗಾ, ಪಕ್ಕದ ಖಾಲಿ ಸೀಟಿನ ಕಡೆ ನೋಡದೆ. ಸ್ವಲ್ಪ ಹೊತ್ತು ಕಾದಳು. ಆಮೇಲೆ ಅವನ ಪಾಲಿನ ಹೂಂ ಅನ್ನೂ ತಾನೇ ಅಂದು, ನೀಲಿ ಟೋಪಿಯ ಜಗಳ ಹೇಳತೊಡಗಿದಳು.