ಕೊಳವೆಯಿಲ್ಲದ ತಾಳಿ

"ಇಂಗೇ ಆಗ್ಬೇಕು ಆಚಾರ್ರೇ. ಒಂದು ಗೆರೇನೂ ಅತ್ಲಾಗಿತ್ಲಾಗೆ ಆಗ್ಬಾರ್ದು," ಎಂದು ರಾಧಾಮಣಿ ಫೋನನ್ನು ಅಕ್ಕಸಾಲಿ ರಾಮಚಂದ್ರಾಚಾರ್ ಅವರ ಮುಖದ ಹತ್ತಿರ ಹಿಡಿದಳು. ಪಕ್ಕದಲ್ಲಿ ಅವಳ ಮಗಳು, ಮದುವೆಯ ಹುಡುಗಿ ತನುಶ್ರೀ, ತಾಂಬೂಲದ ತಟ್ಟೆಯನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದಳು. ಒಳಗಿನಿಂದ ಕಾಫಿ ತಂದ ಆಚಾರ್ರ ಮಗಳು ಹರ್ಷಿತ ಫೋನಿನಲ್ಲಿದ್ದ ತಾಳಿಯನ್ನು ಕಂಡು ಹೊಸ್ತಿಲಲ್ಲೇ ನಿಂತಳು. ಅದು ಅವಳೇ ಮಾಡಿದ ಚಿತ್ರ.

ಶ್ರೀರಂಗಪಟ್ಟಣದ ಒಂದು ಆಭರಣದಂಗಡಿಯ ಜಾಹೀರಾತಿನಲ್ಲಿ ತನುಶ್ರೀ ಅದನ್ನು ನೋಡಿದ್ದಳು. ಹುಡುಕಿಕೊಂಡು ಹೋದರೆ ಅಂಗಡಿಯವರು ಆ ನಮೂನೆ ಈಗಿಲ್ಲವೆಂದು ಬೇರೆ ನಾಲ್ಕು ತೋರಿಸಿದ್ದರು. ಹುಡುಗಿ ಒಪ್ಪಿರಲಿಲ್ಲ. ಅವರ ಮನೆಯ ತಾಳಿಗಳೆಲ್ಲ ನಾಗಮಂಗಲದ ಈ ಪಡಸಾಲೆಯಲ್ಲೇ ಆದವು. ಹಾಗಾಗಿ ಕೊನೆಗೆ ಇಲ್ಲಿಗೇ ಬಂದಿದ್ದರು.

"ಅಂಗಡಿಯೋರ ಕೈಲಿ ಆಗ್ದಿದ್ದು ನಿಮ್ ಕೈಲಿ ಆಯ್ತದೆ ಅಂತ ಇವ್ಳಪ್ಪನ ಜೊತೆ ಪಂದ್ಯ ಕಟ್ಟಿ ಬಂದಿವ್ನಿ," ಎಂದಳು ರಾಧಾಮಣಿ.

ಆಚಾರ್ರು ನಕ್ಕರು. ಈ ಮನೆಯವರಿಗೆ ಆಗುವುದಿಲ್ಲ ಎಂದು ಅವರು ಇದುವರೆಗೆ ಹೇಳಿದವರಲ್ಲ. ರಾಧಾಮಣಿ ತನ್ನ ತಾಳಿಯಿಂದ ಅಕ್ಕಿಕಾಳಿನಷ್ಟು ಚಿನ್ನ ಬಿಡಿಸಿಕೊಟ್ಟಳು. ಅದನ್ನು ಹೊಸ ಚಿನ್ನದ ಜೊತೆ ಮೂಸೆಗೆ ಹಾಕಿ, ಅರಿಶಿನ ಕುಂಕುಮವಿಟ್ಟು, ಆಚಾರ್ರು ಅಗ್ಗಿಷ್ಟಿಕೆಗೆ ಕೈಮುಗಿದರು. ಹೀಗೆ ಪೂಜೆ ಮಾಡಿ ಕರಗಿಸಿದ ಚಿನ್ನ ಅವತ್ತೇ ದೀಪ ಹಚ್ಚುವುದರೊಳಗೆ ತಾಳಿಯಾಗಬೇಕು. ಅದು ಆಚಾರ್ರ ಮನೆಯಲ್ಲಿ ಅವರ ತಾತನ ಕಾಲದಿಂದ ಬಂದ ಕಟ್ಟಳೆ. ಆ ಚಿತ್ರ ತನ್ನದೆಂದು ಹರ್ಷಿತ ಹೇಳಬೇಕೆಂದುಕೊಂಡಳು. ಅಷ್ಟರಲ್ಲಿ ಚಿನ್ನ ಕರಗಿತ್ತು. ತಾಯಿ ಮಗಳು ಬಟ್ಟೆಯಂಗಡಿಗೆ ಹೊರಟಾಗ, ಆಚಾರ್ರಿಗೆ ನೋಡಲು ಬೇಕಾಗುತ್ತದೆಂದು ಆ ಚಿತ್ರವನ್ನು ಹರ್ಷಿತಳ ಫೋನಿಗೆ ಕಳಿಸಿದರು. ಅದು ಅವಳಲ್ಲಿ ಮೊದಲೇ ಇತ್ತು.

ಬಸ್ ನಿಲ್ದಾಣದ ಎದುರಿನ ಮಹಡಿಯಲ್ಲಿ ಯೋಗೇಶನ ಆಫೀಸು. ಡಿಗ್ರಿ ಮುಗಿಸಿದ ಹರ್ಷಿತ ಅಲ್ಲಿ ಸೇರಿ ಆರು ತಿಂಗಳಾಗಿತ್ತು. ಪಾಂಡವಪುರ, ಕೆ.ಆರ್. ಪೇಟೆ, ಶ್ರೀರಂಗಪಟ್ಟಣದ ಅಂಗಡಿಗಳಿಗೆ ಅವರು ಆನ್‌ಲೈನ್ ಜಾಹೀರಾತು ಮಾಡುತ್ತಿದ್ದರು. ಹಳೆಯ ಜಾಹೀರಾತುಗಳನ್ನು ಎಐಗೆ ಕೊಟ್ಟರೆ, ಜನ ಯಾವುದರ ಮುಂದೆ ನಿಂತರು, ಎಷ್ಟನೇ ಸೆಕೆಂಡಿಗೆ ಬೆರಳು ಸರಿಸಿ ಮುಂದೆ ಹೋದರು ಎಂದು ಅದು ಬಿಡಿಸಿ ಹೇಳುತ್ತಿತ್ತು. ಆಭರಣದಂಗಡಿಗೆ ಅವಳು ಮೊದಲು ಹಾಕಿದ್ದು ಅಪ್ಪನ ಅಂಗೈಯಲ್ಲಿದ್ದ ತಾಳಿಯ ಫೋಟೋ. ಎರಡು ಸೆಕೆಂಡಿಗಿಂತ ಹೆಚ್ಚು ಯಾರೂ ನಿಲ್ಲಲಿಲ್ಲ. ಕೈಯ ಸುಟ್ಟ ಕಲೆಗಳು ಗಮನವನ್ನು ಬೇರೆಡೆಗೆ ಎಳೆಯುತ್ತವೆ, ಕೈಯನ್ನು ತೆಗೆಯಿರಿ ಎಂದಿತ್ತು ಎಐ. ಅವಳು ಆ ಸಾಲನ್ನು ಎರಡು ಸಲ ಓದಿದ್ದಳು.

"ಅದೇಳ್ದಂಗೆ ಮಾಡವ್ವ, ನಾವ್ಯಾಕೆ ತಲೆ ಕೆಡಿಸ್ಕಳದು," ಎಂದಿದ್ದ ಯೋಗೇಶ.

ಅಪ್ಪನ ಹತ್ತಿರ ಒಂದು ಪುಸ್ತಕವಿತ್ತು. ಒಂದೊಂದು ಪುಟದಲ್ಲಿ ಒಂದೊಂದು ಮನೆಯ ತಾಳಿಯ ನಕ್ಷೆ. ಒಂದು ಮನೆಯ ಪುಟವನ್ನು ಆಚಾರ್ರು ಇನ್ನೊಂದು ಮನೆಯವರಿಗೆ ತೋರಿಸುತ್ತಿರಲಿಲ್ಲ. ದೀಪಾವಳಿ ಕಳೆದ ಮೇಲೆ ಒಂದು ಮಧ್ಯಾಹ್ನ, ಅವರು ಮಲಗಿದ್ದಾಗ, ಹರ್ಷಿತ ಎಲ್ಲ ಪುಟಗಳ ಫೋಟೋ ತೆಗೆದುಕೊಂಡಳು. ಎಐ ಒಂದೇ ನಿಮಿಷದಲ್ಲಿ ಅವನ್ನೆಲ್ಲ ಸೇರಿಸಿ ಒಂದು ತಾಳಿಯ ಚಿತ್ರ ಮಾಡಿತು. ಮೇಲೆ ದಾರ, ಕೆಳಗೆ ತಾಳಿ. ಒಂದಕ್ಕೊಂದು ಎಲ್ಲಿ ಸೇರಿದೆ ಎಂದು ಅವಳೂ ನೋಡಲಿಲ್ಲ, ಯೋಗೇಶನೂ ನೋಡಲಿಲ್ಲ. ಜನ ಅದರ ಮುಂದೆ ನಿಂತರು.

ಇವತ್ತು, ತನುಶ್ರೀಯ ತಾಳಿ ಮುಗಿಯುತ್ತ ಬಂದಾಗ, ಮೂರು ಗಂಟೆಯ ಹೊತ್ತಿಗೆ ಆಚಾರ್ರು ಅವಳನ್ನು ಕರೆದು ಚಿತ್ರವನ್ನು ದೊಡ್ಡದು ಮಾಡಲು ಹೇಳಿದರು. ಬಳ್ಳಿ, ಹೂವು, ಅಂಚಿನ ಗುಂಡು ಎಲ್ಲ ಆಗಿತ್ತು. ದಾರ ಪೋಣಿಸುವ ಕೊಳವೆಯೊಂದು ಉಳಿದಿತ್ತು. ಅದು ಎಲ್ಲಿ ಕೂತಿದೆ ಎಂದು ಅವರಿಗೆ ಕಾಣುತ್ತಿರಲಿಲ್ಲ. ಕನ್ನಡಕ ಒರೆಸಿದರು, ಬದಲಾಯಿಸಿದರು. ಫೋನನ್ನು ಬಾಗಿಲ ಬೆಳಕಿಗೆ ಒಯ್ದು ಬಹಳ ಹೊತ್ತು ನಿಂತರು. ಆಮೇಲೆ ಬಂದು ಕೂತು, ಚಿಮಟವನ್ನು ಮೆಲ್ಲಗೆ ಕೆಳಗಿಟ್ಟರು.

"ಕಣ್ಣು ಓಯ್ತು ಕಣವ್ವ. ಇದೊಂದು ಎಂಗೋ ಮುಗುಸ್ಬುಟ್ಟು, ಇನ್ನು ಅಗ್ಗಿಷ್ಟಿಕೆ ಅಚ್ಚದು ಬ್ಯಾಡ."

ಅವರ ದನಿಯಲ್ಲಿ ದುಃಖವೇನೂ ಇರಲಿಲ್ಲ. ದಣಿದವರು ಹೊರೆ ಇಳಿಸಲು ಜಾಗ ಹುಡುಕಿದಂತಿತ್ತು. ತಾನು ಇನ್ನು ಸುಮ್ಮನಿದ್ದರೆ ಅವರು ಹೇಳಿದಂತೆಯೇ ಮಾಡುತ್ತಾರೆಂದು ಹರ್ಷಿತಳಿಗೆ ಗೊತ್ತಿತ್ತು.

"ಅಪ್ಪ, ಅಲ್ಲಿ ಕೊಳವೆ ಇಲ್ಲ."

"ಇಲ್ದಿದ್ರೆ ತಾಳಿ ಎಂಗವ್ವ ದಾರ್‍ದಾಗೆ ನಿಂತದೆ?"

"ನಿಂತಿಲ್ಲ. ಅಂತ ತಾಳಿನೇ ಇಲ್ಲ ಕಣಪ್ಪ. ಅದು ಫೋಟೋ ಅಲ್ಲ, ಆಫೀಸ್ನಲ್ಲಿ ನಾನೇ ಮಾಡ್ಸಿದ್ದು."

ಆಚಾರ್ರು ಫೋನನ್ನು ನೋಡಿದರು.

"ಅಂಗಾರೆ ಕಣ್ಣು ನೆಟ್ಟಗದೆ ಅನ್ನು."

"ಊಂ."

ಅವರು ಮತ್ತೆ ಬಾಗಿದರು. ಉಗುರಿನಿಂದ ಚಿತ್ರದ ಅಂಚನ್ನು ಮುಟ್ಟಿದರು. "ಎಲ್ಲೋ ನೋಡ್ದಂಗದೆ ಅಂದ್ಕತಿದ್ದೆ. ಈ ಬಳ್ಳಿ ಜವರಯ್ಯನ ಮನೇದು," ಎಂದರು. ಉಗುರು ಕೆಳಗೆ ಸರಿಯಿತು. "ಈ ಹೂವು ಕಿರಂಗೂರೋರ್ದು." ಆಮೇಲೆ ಉಗುರು ನಿಂತಿತು. ಹರ್ಷಿತ ಕಾದಳು. ಯಾವಾಗ ತೆಗೆದುಕೊಂಡೆ, ಯಾಕೆ ತೆಗೆದುಕೊಂಡೆ ಎಂದು ಕೇಳಿದ್ದರೆ ಅವಳಿಗೆ ಹೇಳಲು ಏನಾದರೂ ಇರುತ್ತಿತ್ತು. ಅವರು ಕೇಳಲಿಲ್ಲ. ಎದ್ದು ಗೂಡಿನಲ್ಲಿದ್ದ ನಕ್ಷೆಯ ಪುಸ್ತಕವನ್ನು ತೆಗೆದು, ತಕ್ಕಡಿಯ ಪೆಟ್ಟಿಗೆಯೊಳಗಿಟ್ಟು ಬೀಗ ಹಾಕಿದರು. ಬೀಗದ ಕೈಯನ್ನು ಎಂದಿನ ಮೊಳೆಗೇ ಸಿಕ್ಕಿಸಿದರು.

ದೀಪ ಹಚ್ಚುವುದರೊಳಗೆ ಮತ್ತೆ ಕರಗಿಸಿ ಬೇರೆ ಮಾಡಲು ಹೊತ್ತಿರಲಿಲ್ಲ. ಉಳಿದ ಚಿನ್ನವನ್ನು ತೆಳ್ಳಗೆ ತಟ್ಟಿ, ಸುತ್ತಿ, ಕೊಳವೆ ಮಾಡಿದರು. ಚಿತ್ರದಲ್ಲಿ ಬರಿದಾಗಿದ್ದ ಜಾಗದಲ್ಲಿ ಅದನ್ನು ಕೂರಿಸಿ ಬೆಸುಗೆ ಹಾಕಿದರು. ಫೋನಿನ ಕಡೆ ಇನ್ನೊಮ್ಮೆ ತಿರುಗಲಿಲ್ಲ. ಬಾಗಿಲಿನ ಬೆಳಕು ಹಿಂದಕ್ಕೆ ಸರಿಯುತ್ತಿತ್ತು.

ತಾಳಿಯನ್ನು ಯಾರ ಕೈಗೆ ಕೊಡುವ ಮೊದಲೂ ಮನೆಮಗಳು ಅದಕ್ಕೆ ಒಂದು ಸಲ ಅರಿಶಿನದ ದಾರ ಪೋಣಿಸಿ ನೋಡುವುದು ಅವರಲ್ಲಿ ವಾಡಿಕೆ. ಹರ್ಷಿತ ಎಂಟು ವರ್ಷದವಳಿದ್ದಾಗಿನಿಂದ ಅಪ್ಪ "ಬಾರವ್ವ" ಎಂದು ಕೂಗಿ ಕರೆಯುತ್ತಿದ್ದರು. ಇವತ್ತು ಕೂಗಲಿಲ್ಲ. ತಾಳಿಯನ್ನೂ ದಾರವನ್ನೂ ಮಣೆಯ ಮೇಲೆ ಅವಳ ಕಡೆಗೆ ಸರಿಸಿ, ಕೈ ತೊಳೆಯಲು ಎದ್ದುಹೋದರು.

ಬೀದಿಯಲ್ಲಿ ರಾಧಾಮಣಿಯ ಮಾತು ಕೇಳಿಸಿತು. ಮಣೆಯ ಮೇಲಿದ್ದ ಫೋನು ಅದುರಿತು. ಜಾಹೀರಾತು ಚೆನ್ನಾಗಿ ಓಡುತ್ತಿದೆ, ಇಂಥವೇ ಇನ್ನೂ ಹತ್ತು ಬೇಕು ಎಂದು ಯೋಗೇಶ ಬರೆದಿದ್ದ. ಅದು ಅದುರಿದ ಹಾಗೆಲ್ಲ ಅರದಿಂದ ಉಜ್ಜಿದ ಚಿನ್ನದ ಸಣ್ಣ ಪುಡಿ ಮಿನುಗುತ್ತಾ ಅಂಚಿನ ಕಡೆಗೆ ಸರಿಯಿತು. ಹರ್ಷಿತ ಪುಡಿ ಬೀಳದಂತೆ ಮಣೆಯಂಚಿಗೆ ಮೊಣಕೈ ಒತ್ತಿ ಹಿಡಿದಳು. ದಾರದ ತುದಿ ಕೆದರಿತ್ತು. ಬೆರಳಲ್ಲಿ ಹೊಸೆದು, ಕೊಳವೆಯ ಬಾಯಿಗಿಟ್ಟಳು.